ಹಾಲು ಬಿಡಿಸಿದರೆ ಮಗು ರಾತ್ರಿಯಿಡೀ ಮಲಗುತ್ತಾ?

ಮಗುವಿಗೆ ವರ್ಷ ತುಂಬುತ್ತಾ ಬಂದಿರುವ ಅಮ್ಮಂದಿರು ಸಿಕ್ಕರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ಅಕ್ಕಾ, ರಾತ್ರಿ ಮೂರು ನಾಲ್ಕು ಸಲ ಏಳ್ತಾನೆ. ಎದೆಹಾಲು ಬಿಡಿಸಿಬಿಟ್ರೆ ಮಲಗ್ತಾನಾ?" ಒಮ್ಮೊಮ್ಮೆ ಅಪ್ಪಂದಿರೂ ಕೇಳುತ್ತಾರೆ, ಸ್ವಲ್ಪ ಸಂಕೋಚದಿಂದ, ಹೆಂಡತಿಯ ಪರವಾಗಿ. ನಾನು ಡಾಕ್ಟರಲ್ಲ. ಎರಡು ಮಕ್ಕಳನ್ನು ಮಲಗಿಸಿ ಮಲಗಿಸಿ ಸಾಕಾದವಳು, ನಿದ್ದೆ ಬಾರದ ಹೊತ್ತಿನಲ್ಲಿ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದವಳು, ಅಷ್ಟೇ.

ನನ್ನ ಉತ್ತರ ಇಷ್ಟು: ಮಲಗಬಹುದು, ಮಲಗದೆಯೂ ಇರಬಹುದು. ಹಾಲು ಬಿಡಿಸುವುದು ಒಂದು ಕೆಲಸ. ಮಗು ತಾನಾಗಿ ನಿದ್ದೆಗೆ ಜಾರುವುದನ್ನು ಕಲಿಯುವುದು ಬೇರೆಯೇ ಕೆಲಸ. ಮೊದಲನೆಯದನ್ನು ಮುಗಿಸಿ, ಎರಡನೆಯದು ತಾನಾಗೇ ಆಗುತ್ತೆ ಅಂತ ಕಾಯುತ್ತಾ ಕೂತರೆ ಹಾಲೂ ಹೋಯಿತು, ನಿದ್ದೆಯೂ ಬರಲಿಲ್ಲ ಅನ್ನುವ ಹಾಗಾಗುತ್ತದೆ. ನನ್ನ ದೊಡ್ಡ ಮಗಳು ಹಾಲು ಬಿಟ್ಟ ಮೇಲೂ ಎಷ್ಟೋ ತಿಂಗಳು ನಡುರಾತ್ರಿ ಎದ್ದು ಕೂರುತ್ತಿದ್ದಳು. ಚಿಕ್ಕವನು ಹಾಲು ಕುಡಿಯುತ್ತಿದ್ದಾಗಲೇ ರಾತ್ರಿ ನಿದ್ದೆ ಸರಿಮಾಡಿಕೊಂಡ. ಒಂದೇ ಮನೆ, ಒಬ್ಬಳೇ ಅಮ್ಮ.

ಮೊದಲಿಗೆ ಒಂದು ಸಮಾಧಾನದ ಮಾತು. ಈ ವಯಸ್ಸಿನಲ್ಲಿ ರಾತ್ರಿ ಏಳುವ ಮಕ್ಕಳು ತುಂಬಾ ಜಾಸ್ತಿ. ಕೆನಡಾದಲ್ಲಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 12 ತಿಂಗಳ ಮಕ್ಕಳಲ್ಲಿ ಶೇ. 28ರಷ್ಟು ಮಕ್ಕಳು ಸತತವಾಗಿ 6 ಗಂಟೆ ಕೂಡ ಮಲಗುತ್ತಿರಲಿಲ್ಲ. 8 ಗಂಟೆ ಅಂತ ಲೆಕ್ಕ ಹಾಕಿದರೆ ಶೇ. 43ರಷ್ಟು ಮಕ್ಕಳು ಮಲಗುತ್ತಿರಲಿಲ್ಲ. ಹಾಗೆ ಏಳುವ ಮಕ್ಕಳ ಬೆಳವಣಿಗೆಯಲ್ಲಿ ಏನೂ ಹಿನ್ನಡೆ ಕಾಣಲಿಲ್ಲ. ಆದ್ದರಿಂದ "ನಮ್ಮದು ಎರಡನೇ ತಿಂಗಳಿಗೇ ರಾತ್ರಿಯಿಡೀ ಮಲಗ್ತಿತ್ತು" ಅನ್ನುವವರ ಮಾತಿಗೆ ನಕ್ಕು ಸುಮ್ಮನಾಗಿ.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು. ರಾತ್ರಿ ಉದ್ದಕ್ಕೆ ಮಲಗುವ ಮಕ್ಕಳಲ್ಲಿ ಎದೆಹಾಲು ಕುಡಿಯುವವರು ಕಡಿಮೆ ಇದ್ದರು. "ನೋಡಿ, ಹಾಗಾದ್ರೆ ಹಾಲೇ ಕಾರಣ" ಅನ್ನಿಸುತ್ತೆ ಅಲ್ವಾ? ನನಗೂ ಅನ್ನಿಸಿತ್ತು. ಆದರೆ 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 6ರಿಂದ 12 ತಿಂಗಳ ಮಕ್ಕಳಿರುವ 715 ಅಮ್ಮಂದಿರನ್ನು ಕೇಳಿ ನೋಡಿದಾಗ ಬೇರೆ ಚಿತ್ರ ಸಿಕ್ಕಿತು. ಎದೆಹಾಲಿರಲಿ, ಫಾರ್ಮುಲಾ ಹಾಲಿರಲಿ (ಎಳೆಮಕ್ಕಳಿಗೆಂದೇ ಮಾಡಿದ ಡಬ್ಬಿಯ ಹಾಲು), ಮಕ್ಕಳು ಏಳುವುದರಲ್ಲಿ ವ್ಯತ್ಯಾಸ ಇರಲಿಲ್ಲ. ಸುಮಾರು ಶೇ. 78ರಷ್ಟು ಮಕ್ಕಳು ರಾತ್ರಿ ಒಮ್ಮೆಯಾದರೂ ಏಳುತ್ತಿದ್ದವು. ಹಗಲು ಜಾಸ್ತಿ ಹಾಲು, ಜಾಸ್ತಿ ಊಟ ಸಿಕ್ಕ ಮಕ್ಕಳು ರಾತ್ರಿ ಕುಡಿಯುವುದು ಕಡಿಮೆಯಾಗಿತ್ತು. ಏಳುವುದು ಮಾತ್ರ ಕಡಿಮೆಯಾಗಿರಲಿಲ್ಲ! ಹೊಟ್ಟೆ ತುಂಬಿದ ಮಗುವೂ ಏಳುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಯಾಕೆ ಏಳುತ್ತದೆ? ನಿದ್ದೆ ಒಂದೇ ಸಮನೆ ಹರಿಯುವುದಿಲ್ಲ. ಗಾಢ ನಿದ್ದೆ, ತೆಳು ನಿದ್ದೆ ಸುತ್ತು ಸುತ್ತಾಗಿ ಬರುತ್ತವೆ. ದೊಡ್ಡವರಿಗೆ ಒಂದು ಸುತ್ತು ಸುಮಾರು ಒಂದೂವರೆ ಗಂಟೆ, ಮಕ್ಕಳಿಗೆ ಒಂದು ಗಂಟೆಯೊಳಗೆ. ಸುತ್ತು ಮುಗಿದಾಗ ಎಲ್ಲರೂ ಸ್ವಲ್ಪ ಎಚ್ಚರವಾಗುತ್ತೇವೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಬೆಳಗ್ಗೆ ಅದರ ನೆನಪೂ ಇರಲ್ಲ. ಮಗು ಎಚ್ಚರವಾದಾಗ ಮಲಗುವ ಹೊತ್ತಿಗೆ ಏನಿತ್ತೋ ಅದನ್ನು ಹುಡುಕುತ್ತದೆ. ನನ್ನ ಮಗಳನ್ನು ಕತ್ತಲಲ್ಲಿ ಕಣ್ಣುಬಿಟ್ಟು ನೋಡುತ್ತಾ ಮಲಗಿದ್ದ ರಾತ್ರಿಗಳಿವೆ. ಮೊದಲು ತುಟಿ ಚೀಪುವ ಹಾಗೆ ಆಡುತ್ತಿತ್ತು. ಆಮೇಲೆ ಒಂದು ಕೈ ಎದ್ದು ನನ್ನ ನೈಟಿಯ ಕೊರಳಪಟ್ಟಿಗೆ ತಡಕಾಡುತ್ತಿತ್ತು. ಸಿಗದೇ ಹೋದರೆ ಆಗ ಅಳು. ಹಸಿವಿನ ಅಳು ಅಲ್ಲ ಅದು. "ಇಲ್ಲಿತ್ತಲ್ಲ, ಎಲ್ಲಿ ಹೋಯಿತು?" ಅನ್ನುವ ಅಳು. ಎದೆಯ ಬದಲು ಬಾಟಲಿ, ಪ್ಯಾಸಿಫೈಯರ್, ತೂಗುವ ತೋಳು, ಏನೇ ಇದ್ದರೂ ಕತೆ ಇದೇ. ಹಾಲು ಬಿಡಿಸಿ ಆ ಜಾಗಕ್ಕೆ ಹೆಗಲ ಮೇಲೆ ಹಾಕಿಕೊಂಡು ಓಡಾಡುವುದನ್ನು ತಂದರೆ, ರಾತ್ರಿ ಎದ್ದಾಗಲೆಲ್ಲ ಓಡಾಡಬೇಕು.

ಗಟ್ಟಿ ಆಹಾರ ಬೇಗ ಶುರು ಮಾಡಿದರೆ ಚೆನ್ನಾಗಿ ಮಲಗುತ್ತವೆ ಅನ್ನುವ ಮಾತೂ ಇದೆ. ಪೂರ್ತಿ ಸುಳ್ಳಲ್ಲ. ಬ್ರಿಟನ್ನಿನಲ್ಲೇ 1303 ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ 3 ತಿಂಗಳಿಂದಲೇ ಆಹಾರ ಕೊಟ್ಟ ಮಕ್ಕಳು ಜಾಸ್ತಿ ಮಲಗಿದವು. ಎಷ್ಟು ಜಾಸ್ತಿ? ಆರನೇ ತಿಂಗಳಲ್ಲಿ, ವ್ಯತ್ಯಾಸ ಅತಿ ಹೆಚ್ಚಿದ್ದಾಗ, ರಾತ್ರಿಗೆ ಸುಮಾರು 17 ನಿಮಿಷ. ಅಷ್ಟಕ್ಕೋಸ್ಕರ ಆತುರ ಪಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 6 ತಿಂಗಳ ತನಕ ಎದೆಹಾಲು ಮಾತ್ರ, ಆಮೇಲೆ ಆಹಾರದ ಜೊತೆಗೆ ಎದೆಹಾಲು ಅಂತ. ಮಲಗಲಿ ಅಂತ ಬಾಟಲಿಯ ಹಾಲಿಗೆ ಹಿಟ್ಟು ಕಲಸಿ ಕುಡಿಸುವುದಂತೂ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಹಾಗಾದರೆ ಏನು ಮಾಡೋದು? ನಾನು ಹೇಳುವುದು: ಮೊದಲು ಹಾಲನ್ನೂ ನಿದ್ದೆಯನ್ನೂ ಬೇರೆ ಮಾಡಿ. ಹಾಲು ನಿಲ್ಲಿಸುವ ಮಾತು ಆಮೇಲೆ. ಮಲಗುವ ಮುಂಚಿನ ಹಾಲನ್ನು ಇನ್ನೂ ಸ್ವಲ್ಪ ಬೇಗನೇ ಕೊಟ್ಟುಬಿಡಿ. ಲೈಟು ಹಾಕಿರುವಾಗಲೇ, ಬೇರೆ ರೂಮಿನಲ್ಲಿ ಕುಡಿಸಿ. ಆಮೇಲೆ ಹಲ್ಲು ಒರೆಸುವುದು, ಬಟ್ಟೆ ಬದಲಿಸುವುದು, ಒಂದು ಪುಟ್ಟ ಪುಸ್ತಕ, ಒಂದು ಹಾಡು. ದಿನಾ ಅದೇ ಕ್ರಮ. ಮಕ್ಕಳಿಗೆ ಗಡಿಯಾರ ಗೊತ್ತಿಲ್ಲ, ಇದಾದ ಮೇಲೆ ಇದು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಎದೆಯಲ್ಲೇ ನಿದ್ದೆ ಹೋಗುವ ರೂಢಿ ಗಟ್ಟಿಯಾಗಿದ್ದರೆ ಒಂದೇ ದಿನಕ್ಕೆ ಬಿಡಲ್ಲ. ಚಿಕ್ಕವನ ಜೊತೆ ನಾನು ಮಾಡಿದ್ದು ಹೀಗೆ. ಮಗು ಕುಡಿಯುವುದನ್ನು ಗಮನಿಸುತ್ತಾ ಇರಿ. ಮೊದಲು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳುತ್ತದೆ. ಆಮೇಲೆ ನುಂಗುವುದು ನಿಲ್ಲುತ್ತದೆ, ದವಡೆ ಮಾತ್ರ ಆಗೊಮ್ಮೆ ಈಗೊಮ್ಮೆ ಅಲುಗುತ್ತದೆ. ಹಿಡಿದಿದ್ದ ಮುಷ್ಟಿ ಸಡಿಲವಾಗುತ್ತದೆ. ಕಣ್ಣು ಮುಚ್ಚಿದೆ, ನಿದ್ದೆ ಇನ್ನೂ ಬಂದಿಲ್ಲ. ಆ ಹೊತ್ತಿಗೆ ಕಿರುಬೆರಳನ್ನು ತುಟಿಯ ಅಂಚಿನಿಂದ ಮೆಲ್ಲಗೆ ಒಳಗೆ ತೂರಿಸಿದರೆ ಹಿಡಿತ ಬಿಡುತ್ತದೆ. ಎದೆ ಹಿಂದಕ್ಕೆ ತೆಗೆದು ಗಲ್ಲದ ಕೆಳಗೆ ಬೆರಳಿಟ್ಟು ಬಾಯಿ ಮುಚ್ಚಿಸಿ ಹಿಡಿಯಿರಿ. ಮುಖ ತಿರುಗಿಸಿ ಹುಡುಕಿದರೆ ಒಂದು ಕ್ಷಣ ಕಾಯಿರಿ. ಅಳು ಜೋರಾಗುವ ಹಾಗಿದ್ದರೆ ಮತ್ತೆ ಕೊಡಿ, ನಿಧಾನವಾದಾಗ ಮತ್ತೆ ತೆಗೆಯಿರಿ. ಮೊದಮೊದಲು ಒಂದೇ ರಾತ್ರಿಯಲ್ಲಿ ಎಷ್ಟೋ ಸಲ ಹೀಗೆ ಮಾಡಬೇಕಾಗುತ್ತದೆ, ತಾಳ್ಮೆ ಪರೀಕ್ಷೆ. ಆದರೆ ಬಾಯಲ್ಲಿ ಏನೂ ಇಲ್ಲದೆ ನಿದ್ದೆಗೆ ಜಾರುವುದು ಒಮ್ಮೆ ಬಂತು ಅಂದರೆ ನಡುರಾತ್ರಿಯಲ್ಲೂ ಅದು ಕೆಲಸಕ್ಕೆ ಬರುತ್ತದೆ.

ಇನ್ನೊಂದು, ಅಪ್ಪಂದಿರನ್ನು ಎಬ್ಬಿಸಿ. ಹಾಲಿನ ವಾಸನೆ ಹತ್ತಿರದಲ್ಲೇ ಇದ್ದಾಗ ಹಾಲು ಬೇಡ ಅಂತ ಮಗುವಿಗೆ ಹೇಳುವುದು ಕಷ್ಟ. ನಮ್ಮನೆಯವರು ದೊಡ್ಡವಳ ಪಾಳಿ ವಹಿಸಿಕೊಂಡಾಗ ಅವರಿಗೆ ಒಂದು ಹಾಡೂ ಪೂರ್ತಿ ಬರುತ್ತಿರಲಿಲ್ಲ. ಬೆನ್ನು ತಟ್ಟುತ್ತಾ ಮಗ್ಗಿ ಹೇಳಿದರು. ಹದಿಮೂರರ ಮಗ್ಗಿಯಲ್ಲಿ ತಾವೇ ತಡವರಿಸುತ್ತಿದ್ದರು. ಮೊದಲ ರಾತ್ರಿಗಳಲ್ಲಿ ಅವಳು ರಚ್ಚೆ ಹಿಡಿದು ಅತ್ತಳು, ಬಾಗಿಲ ಕಡೆ ಕೈ ತೋರಿಸಿದಳು. ನಾನು ಪಕ್ಕದ ರೂಮಿನಲ್ಲಿ ದಿಂಬು ಕಿವಿಗೆ ಒತ್ತಿಕೊಂಡು ಮಲಗಿದ್ದೆ. ಕ್ರಮೇಣ ಮಗ್ಗಿಗೇ ಒಗ್ಗಿಹೋದಳು. ಅಪ್ಪ ಇಲ್ಲದಿದ್ದರೆ ಅಜ್ಜಿಯೋ ಚಿಕ್ಕಮ್ಮನೋ ಯಾರಾದರೂ ಸರಿ. ಮಗು ನಂಬುವ ಜೀವ ಆಗಿರಬೇಕು. ಯಾರೂ ಇಲ್ಲ ಅಂದರೆ ರಾತ್ರಿಯ ಹಾಲನ್ನು ದಿನಕ್ಕೆ ಒಂದೆರಡು ನಿಮಿಷದಂತೆ ಕಡಿಮೆ ಮಾಡುತ್ತಾ ಹೋಗಿ. ಬಾಟಲಿ ಆದರೆ ಹಾಲಿನ ಅಳತೆ ಇಳಿಸುತ್ತಾ ಬನ್ನಿ.

ರಾತ್ರಿ ಹಾಲು ತೆಗೆಯುವ ಮುಂಚೆ ಹಗಲು ನೋಡಿ. ಎಂಟು ಒಂಬತ್ತು ತಿಂಗಳಾದ ಮೇಲೆ ಮಕ್ಕಳಿಗೆ ಲೋಕವೆಲ್ಲ ಆಟ. ಎರಡು ಗುಟುಕು ಕುಡಿಯುತ್ತವೆ, ಬೆಕ್ಕು ಕಂಡರೆ ತಲೆ ತಿರುಗಿಸುತ್ತವೆ. ಹಗಲು ಬಿಟ್ಟಿದ್ದನ್ನು ರಾತ್ರಿ ವಸೂಲಿ ಮಾಡುತ್ತವೆ. ಅಂಥ ಮಗುವಿಗೆ ಹಗಲಲ್ಲಿ ಸದ್ದಿಲ್ಲದ ಜಾಗದಲ್ಲಿ ಕೂತು ಕುಡಿಸಬೇಕು. ವರ್ಷ ದಾಟಿದ, ತೂಕ ಸರಿಯಾಗಿರುವ, ಹಗಲು ಚೆನ್ನಾಗಿ ತಿನ್ನುವ ಮಗುವಿಗೆ ಸಾಮಾನ್ಯವಾಗಿ ರಾತ್ರಿ ಹಾಲು ಹೊಟ್ಟೆಗೆ ಬೇಕಿರುವುದಿಲ್ಲ. ವರ್ಷದೊಳಗಿನ ಮಗುವಾದರೆ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಹಗಲು ನಿದ್ದೆಯ ಲೆಕ್ಕವೂ ಇರಲಿ. 4ರಿಂದ 11 ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ, 1ರಿಂದ 2 ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಒಂದೂವರೆ ವರ್ಷದ ಮಗು ಮಧ್ಯಾಹ್ನವೇ ನಾಲ್ಕು ಗಂಟೆ ಮಲಗಿದರೆ ರಾತ್ರಿ ಹನ್ನೆರಡು ಗಂಟೆ ಮಲಗು ಅಂದರೆ ಎಲ್ಲಿಂದ ತರುತ್ತದೆ?

ಪೂರ್ತಿ ಬಿಡಿಸುವುದೇ ಸರಿ ಅಂತ ನಿರ್ಧಾರ ಮಾಡಿದ್ದರೆ ಅಮ್ಮನ ಮೈಯನ್ನೂ ಯೋಚಿಸಬೇಕು. ಇದನ್ನು ಯಾರೂ ಹೇಳುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಹಾಲು ಕಟ್ಟಿಕೊಂಡು ಎದೆ ಕಲ್ಲಿನಂತಾಗುತ್ತದೆ. ಒಂದು ಹೊತ್ತಿನ ಹಾಲು ನಿಲ್ಲಿಸಿ, ಕೆಲವು ದಿನ ಬಿಟ್ಟು ಇನ್ನೊಂದು ಹೊತ್ತಿನದು, ಹೀಗೆ ಹೋದರೆ ಮೈ ತಾನೇ ಹೊಂದಿಕೊಳ್ಳುತ್ತದೆ. ತೀರಾ ಬಿಗಿಯಾದರೆ ಹಾಯೆನಿಸುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆಯಿರಿ. ಪೂರ್ತಿ ಖಾಲಿ ಮಾಡಿದರೆ ಮತ್ತೆ ಹಾಲು ತುಂಬುತ್ತದೆ. ಎದೆಗೆ ಬಟ್ಟೆ ಬಿಗಿಯಾಗಿ ಕಟ್ಟಬೇಡಿ. ಒಂದು ಕಡೆ ಕೆಂಪಾಗಿ, ನೋವಾಗಿ, ಜ್ವರ ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಹಾಲು ನಿಲ್ಲಿಸುವ ಮಾತ್ರೆಯನ್ನು ನೀವಾಗೇ ತಗೋಬೇಡಿ. ಹಾರ್ಮೋನುಗಳು ಇಳಿಯುವಾಗ ಕೆಲವರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಮನಸ್ಸು ಕುಗ್ಗುತ್ತದೆ. ಅದು ಹೋಗದೆ ಉಳಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಇನ್ನು ಕಹಿ ಹಚ್ಚುವುದು, ಹೆದರಿಸುವುದು ನನಗೆ ಇಷ್ಟವಿಲ್ಲ. ನಿನ್ನೆಯವರೆಗೆ ಸಮಾಧಾನ ಸಿಕ್ಕ ಜಾಗ ಇವತ್ತು ಕಹಿ ಅಂದರೆ ಮಗು ಏನಂದುಕೊಳ್ಳಬೇಕು?

ಬದಲಿಗೆ ಏನು ಕೊಡಬೇಕು ಅನ್ನುವುದಕ್ಕೆ ಚಿಕ್ಕದಾಗಿ ಹೇಳುತ್ತೇನೆ. ವರ್ಷದೊಳಗೆ ಬಿಡಿಸಿದರೆ ಫಾರ್ಮುಲಾ ಹಾಲು ಬೇಕು, ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ಕೊಡುವ ಹಾಗಿಲ್ಲ. ಜೇನುತುಪ್ಪವೂ ಬೇಡ. ವರ್ಷದ ಮೇಲೆ ಹಸುವಿನ ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲೇ ಹೊಟ್ಟೆ ತುಂಬಿಸಿದರೆ ಊಟ ಸೇರುವುದಿಲ್ಲ, ಕಬ್ಬಿಣಾಂಶ ಕಡಿಮೆಯಾಗುತ್ತದೆ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗಿಸಿದರೆ ಹಲ್ಲು ಹುಳುಕಾಗುತ್ತದೆ.

ಅಳಲು ಬಿಡಬೇಕಾ ಅಂತಲೂ ಕೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ನಿದ್ದೆ ಕಲಿಸುವ ವಿಧಾನಗಳನ್ನು ಪಾಲಿಸಿದ ಮನೆಗಳ ಮಕ್ಕಳನ್ನು ಐದು ವರ್ಷದ ಮೇಲೆ ನೋಡಿದರು. ಆ ಫಲಿತಾಂಶ 2012ರಲ್ಲಿ ಬಂತು: ಆ ಮಕ್ಕಳಿಗೂ ಉಳಿದವರಿಗೂ ವ್ಯತ್ಯಾಸ ಇರಲಿಲ್ಲ. ಕೆಟ್ಟದ್ದೂ ಆಗಿರಲಿಲ್ಲ, ವಿಶೇಷ ಲಾಭವೂ ಇರಲಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ಅಳಲು ಬಿಡುವವರು ಕಲ್ಲೆದೆಯವರೂ ಅಲ್ಲ, ಬಿಡದವರು ಮಗುವನ್ನು ಹಾಳುಮಾಡುವವರೂ ಅಲ್ಲ. ನನ್ನಿಂದ ಆಗಲಿಲ್ಲ. ಪಕ್ಕದಲ್ಲಿ ಕೂತು, ಎತ್ತಿಕೊಳ್ಳದೆ, ಬೆನ್ನ ಮೇಲೆ ಕೈಯಿಟ್ಟುಕೊಂಡು ಅಳಲು ಬಿಟ್ಟೆ. ಜಾಸ್ತಿ ದಿನ ಹಿಡಿಯಿತು. ಹಿಡಿದರೆ ಹಿಡಿಯಲಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ನಿದ್ದೆಗಣ್ಣಿನಲ್ಲಿ ಸೋಫಾ ಮೇಲೆ ಕೂತು ಹಾಲು ಕುಡಿಸಬೇಡಿ. ನೀವು ತೂಕಡಿಸಿದರೆ ಮಗು ಸಂದಿಯಲ್ಲಿ ಸಿಕ್ಕಿ ಉಸಿರುಗಟ್ಟುವ ಅಪಾಯ ಇದೆ.

ಯಾವಾಗ ಬಿಡಿಸಬೇಕು? ವಿಶ್ವ ಆರೋಗ್ಯ ಸಂಸ್ಥೆ 2 ವರ್ಷ ಅಥವಾ ಅದಕ್ಕಿಂತ ಮೇಲೂ ಕುಡಿಸಬಹುದು ಅನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2022ರಿಂದ ಅದನ್ನೇ ಹೇಳುತ್ತಿದೆ, ತಾಯಿಗೂ ಮಗುವಿಗೂ ಇಷ್ಟವಿದ್ದರೆ. ನಿಮಗೆ ಸಾಕು ಅನ್ನಿಸಿದರೆ ಅದೇ ಸಾಕಷ್ಟು ಕಾರಣ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಬರೀ ನಿದ್ದೆಗೋಸ್ಕರ ಅಂತಾದರೆ ರಾತ್ರಿಯದು ಮಾತ್ರ ಬಿಡಿಸಿ ನೋಡಿ, ಹಗಲಿನದು ಇರಲಿ. ಹಲ್ಲು ಬರುವಾಗ, ಜ್ವರ ಇರುವಾಗ, ಮನೆ ಬದಲಿಸುವಾಗ, ಅಮ್ಮ ಕಣ್ಮರೆಯಾದರೆ ಸಾಕು ಅಳುವ ಆ ಎಂಟು ಹತ್ತು ತಿಂಗಳ ಕಾಲದಲ್ಲಿ ಶುರು ಮಾಡಬೇಡಿ. ಮಗು ನಿದ್ದೆಯಲ್ಲಿ ದಿನಾ ಗೊರಕೆ ಹೊಡೆಯುತ್ತಿದ್ದರೆ, ಉಸಿರು ನಿಂತು ನಿಂತು ಬರುವ ಹಾಗೆ ಕಂಡರೆ, ತೂಕ ಏರದಿದ್ದರೆ, ರಾತ್ರಿಯಿಡೀ ಕಾಲು ಒದರಾಡುತ್ತಿದ್ದರೆ ಹಾಲಿನ ಮಾತು ಪಕ್ಕಕ್ಕಿಡಿ, ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.