ಕೊಲೋನಾ ದಿಬ್ಬದ ಒಂಟಿ ಚೂರು

ಗ್ರೀಸಿನ ಏಜಿನಾ ದ್ವೀಪದಲ್ಲಿ, ಸಮುದ್ರಕ್ಕೆ ಚಾಚಿಕೊಂಡಿರುವ ಕೊಲೋನಾ ಭೂಶಿರದ ಮೇಲೆ, ಅಪೊಲೊ ದೇವಾಲಯದ ಒಂದೇ ಒಂದು ಕಂಬ ಇಂದಿಗೂ ನಿಂತಿದೆ. ನೋಡಲು ಬಂದವರ ಕಣ್ಣು ಆ ಕಂಬದ ಮೇಲಿದ್ದರೆ, ಮಡಕೆಚೂರುಗಳನ್ನು ವಿಂಗಡಿಸಿ ದಾಖಲಿಸುವ ನನ್ನ ಕೆಲಸವೆಲ್ಲ ಅದರ ಬುಡದಲ್ಲಿರುವ ದಿಬ್ಬದ್ದು. ಕ್ರಿ.ಪೂ. 6ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ದೇವಾಲಯ ಏಳುವ ಮೊದಲು, ನವಶಿಲಾಯುಗದ ಕೊನೆಯಿಂದ ಹಿಡಿದು ಕಂಚಿನ ಯುಗದುದ್ದಕ್ಕೂ ಇಲ್ಲಿ ಜನರು ಒಂದು ಊರಿನ ಅವಶೇಷದ ಮೇಲೆ ಇನ್ನೊಂದು ಊರನ್ನು ಕಟ್ಟುತ್ತಲೇ ಹೋದರು. ಸಂಶೋಧಕರು ಇಂಥ ಹತ್ತು ಹಂತಗಳನ್ನು ಗುರುತಿಸಿದ್ದಾರೆ.

ದೇವಾಲಯ ಕಟ್ಟಿದವರು ಅಡಿಪಾಯಕ್ಕಾಗಿ ಈ ಹಳೆಯ ಸ್ತರಗಳನ್ನೇ ಕಡಿದು ಇಳಿದರು. ಅಗೆದ ಮಣ್ಣನ್ನೇ ಕಲ್ಲಿನ ಪಕ್ಕಕ್ಕೆ ಮರಳಿ ತುಂಬಿದಾಗ, ಅದರೊಳಗಿನ ಚೂರುಗಳಲ್ಲಿ ಬಹುಪಾಲು ಕಂಚಿನ ಯುಗದವೇ ಆಗಿರುತ್ತವೆ. ಅವುಗಳ ನಡುವೆ ಕಪ್ಪು ಮೆರುಗಿನ, ದೇವಾಲಯದ ಕಾಲದ ಒಂದೇ ಒಂದು ಚೂರು ಸಿಕ್ಕರೂ, ಆ ಮಣ್ಣು ಅಲ್ಲಿಗೆ ಬಿದ್ದದ್ದು ಆ ಚೂರಿಗಿಂತ ಮೊದಲು ಎಂದು ಹೇಳುವಂತಿಲ್ಲ. ಸ್ತರದ ಕಾಲವನ್ನು ಬಹುಮತದಿಂದ ತೀರ್ಮಾನಿಸಲಾಗದು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಹಾಗೆಂದು ಒಂಟಿ ಚೂರನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಇಲಿಯ ಬಿಲ, ಮರದ ಬೇರು, ಮುಂದಿನ ಕಾಲದವರು ಕಟ್ಟಡದ ಕಲ್ಲು ಕಿತ್ತೊಯ್ದ ಗುಂಡಿ, ಇವುಗಳಲ್ಲಿ ಯಾವುದರ ಮೂಲಕವಾದರೂ ಅದು ಕೆಳಗಿಳಿದಿರಬಹುದು. ಆದ್ದರಿಂದ ನಾವು ಅಗೆಯುವ ಗುಂಡಿಯ ಗೋಡೆಯನ್ನು ಕರಣೆಯಿಂದ ಹೆರೆದು, ಹಳೆಯ ಕಡಿತದ ಅಂಚು ಎಲ್ಲಿಂದ ಇಳಿದಿದೆ ಎಂಬುದನ್ನು ಗುರುತಿಸಿದ ಮೇಲೆಯೇ ಆ ಕಡಿತದೊಳಗಿನ ಮಣ್ಣನ್ನು ಪ್ರತ್ಯೇಕವಾಗಿ ತೆಗೆಯಬೇಕು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದ ವರದಿಯನ್ನು ಓದಿದ ಕನ್ನಡಿಗರಿಗೆ ಈ ಶಿಸ್ತು ಹೊಸದೇನಲ್ಲ. ಸ್ತರಗಳಿಗೆ ಸಂಖ್ಯೆ ಕೊಟ್ಟು ಗೋಡೆಯನ್ನು ನಕ್ಷೆಗಿಳಿಸುವ ಪದ್ಧತಿ ಅಲ್ಲಿಯೂ ಇದೇ.

ಏಜಿನಾದ ಮಟ್ಟಿಗೆ ಇನ್ನೊಂದು ತೊಡಕಿದೆ. ಇಲ್ಲಿನ ಕುಂಬಾರರ ಮಣ್ಣಿನಲ್ಲಿ ಚಿನ್ನದ ಬಣ್ಣದ ಅಭ್ರಕದ ಕಣಗಳಿದ್ದು, ಬಿಸಿಲಿಗೆ ಹಿಡಿದರೆ ಚೂರು ಮಿನುಗುತ್ತದೆ. ಗ್ರೀಸಿನ ಮುಖ್ಯ ಭೂಭಾಗದ ನೆಲೆಗಳಲ್ಲಿ ಸಿಕ್ಕ ಚೂರು ಏಜಿನಾದಿಂದ ಹೋದದ್ದೆಂದು ಗುರುತಿಸಲು ಈ ಮಿನುಗು ಬಹಳ ಉಪಯುಕ್ತ. ಆದರೆ ಅದೇ ಮಣ್ಣು ಶತಮಾನಗಟ್ಟಲೆ ಬಳಕೆಯಲ್ಲಿದ್ದುದರಿಂದ ಕಾಲನಿರ್ಣಯಕ್ಕೆ ಮಿನುಗು ಸಾಲದು; ಬಾಯಂಚು, ತಳ, ಹಿಡಿಕೆಗಳ ಆಕಾರವನ್ನೇ ನೋಡಬೇಕು. ಆಕಾರವಿಲ್ಲದ ಒಡಲಿನ ಚೂರುಗಳೇ ಹೆಚ್ಚಾಗಿ ಬರುವುದರಿಂದ, ಅವುಗಳ ಬೆಲೆಯೆಲ್ಲ ಚೀಲದ ಮೇಲಿನ ಚೀಟಿಯಲ್ಲಿರುತ್ತದೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಚೂರು ತೊಳೆಯುವುದನ್ನಲ್ಲ, ಸ್ತರದ ಸಂಖ್ಯೆಯನ್ನು ಒಣಗಿಸುವ ತಟ್ಟೆಗೂ ದಾಖಲೆ ಪುಸ್ತಕಕ್ಕೂ ಒಂದೇ ರೀತಿ ಬರೆಯುವುದನ್ನು.