ಮಲೆನಾಡಿನ ತೇವದಲ್ಲಿ ಸೆಮಿ-ಹಾಲೋ ಬೇಸ್ ಗಿಟಾರ್

ತೀರ್ಥಹಳ್ಳಿ, ಹೊಸನಗರದ ಕಡೆ ಸೆಮಿ-ಹಾಲೋ, ಅಂದರೆ ನಡುವೆ ಗಟ್ಟಿ, ಇಕ್ಕೆಲ ಟೊಳ್ಳು ದೇಹದ, ಮಂದ್ರ ಸ್ವರದ ಬೇಸ್ ಗಿಟಾರ್ ಕಟ್ಟುವವರು ಮೊದಲು ಕೊಳ್ಳಬೇಕಾದದ್ದು ಮರ ತೋಡುವ ಯಂತ್ರವಾದ ರೂಟರ್ ಅಲ್ಲ, ಮರದ ತೇವ ಅಳೆಯುವ ಮೀಟರ್. ಹಲಗೆಯ ತೇವ ಶೇ. 12ಕ್ಕಿಂತ ಕೆಳಗಿಳಿಯುವವರೆಗೆ ಕೊರೆಯಬೇಡಿ. ಒಳಗೆ ಟೊಳ್ಳು ಮಾಡಿದ ಮರ ಬೇಸಿಗೆಯಲ್ಲಿ ಕುಗ್ಗಿದರೆ ಅಂಟಿನ ಗೆರೆಯೇ ಬಿರಿಯುತ್ತದೆ.

ದೇಹಕ್ಕೆ ಹಲಸು ಒಳ್ಳೆಯದು. ವೀಣೆಗೆ ಒಗ್ಗಿದ ಮರ ಬೇಸ್ ಗಿಟಾರಿಗೂ ಒಗ್ಗುತ್ತದೆ. ಸಾಗುವಾನಿಯಾದರೆ ಎಣ್ಣೆಯಂಶ ಹೆಚ್ಚು, ಅಂಟು ಹಚ್ಚುವ ಮುನ್ನ ಅಸಿಟೋನಿನಿಂದ ಒರೆಸಲೇಬೇಕು.

40 ಮಿ.ಮೀ. ಹಲಗೆಯ ನಡುವೆ 90 ಮಿ.ಮೀ. ಅಗಲದ ಗಟ್ಟಿ ದಿಂಡು ಬಿಡಿ. ಬ್ರಿಡ್ಜ್ (ದೇಹದ ಮೇಲೆ ತಂತಿಗಳನ್ನು ಹೊರುವ ಭಾಗ), ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಕತ್ತು ಕೂರುವ ಗೂಡು ಎಲ್ಲವೂ ಅದರ ಮೇಲೇ ಬರಬೇಕು. ಇಕ್ಕೆಲದಲ್ಲಿ 34 ಮಿ.ಮೀ. ಆಳ ತೋಡಿ. ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಇಳಿಸಿದರೆ ರೂಟರಿನ ಅಲಗು (ಬಿಟ್) ಮರದ ಎಳೆಯನ್ನು ಕಿತ್ತುಹಾಕುತ್ತದೆ. ಅಂಚಿನ ಗೋಡೆ 15 ಮಿ.ಮೀ. ಇರಲಿ. ಮೇಲೆ 5 ಮಿ.ಮೀ. ಹಲಗೆ ಅಂಟಿಸುವ ಮೊದಲೇ ಪಿಕಪ್‌ನ ವೈರ್ ಹಾಯುವ ರಂಧ್ರಗಳನ್ನು ಕೊರೆದಿಡಿ, ಆಮೇಲೆ ಬೈರಿಗೆ ಅಲ್ಲಿಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಅಂಟು ನಿಧಾನಕ್ಕೆ ಒಣಗುತ್ತದೆ. ಕ್ಲ್ಯಾಂಪ್ 24 ಗಂಟೆ ತೆಗೆಯಬೇಡಿ.

ಸ್ಕೇಲ್, ಅಂದರೆ ಕಂಪಿಸುವ ತಂತಿಯ ಉದ್ದ, 34 ಇಂಚು. ಹಾಗಾಗಿ 12ನೇ ಫ್ರೆಟ್ (ಕತ್ತಿನ ಅಡ್ಡಪಟ್ಟಿ) ಅದರ ಅರ್ಧಕ್ಕೆ, ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿ ಹಾಯುವ ಪಟ್ಟಿ) 431.8 ಮಿ.ಮೀ. ದಪ್ಪ ಇ ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಇನ್ನೂ ಕೆಲವು ಮಿ.ಮೀ. ಹಿಂದೆ ಸರಿಯಲು ಜಾಗವಿರಲಿ.

ಹಗುರ ದೇಹಕ್ಕೆ ಭಾರದ ಟ್ಯೂನರ್ (ತಂತಿ ಬಿಗಿಸುವ ಬಿರಡೆ) ಹಾಕಿದರೆ ತಲೆ ಕೆಳಕ್ಕೆ ವಾಲುತ್ತದೆ. ಹಗುರ ಟ್ಯೂನರ್ ಹಾಕಿ, ದೇಹದ ಮೇಲಿನ ಕೊಂಬನ್ನು 12ನೇ ಫ್ರೆಟ್‌ವರೆಗೆ ಚಾಚಿ.

ಹೊಳಪಿನ ಲೇಪವಾದ ಲ್ಯಾಕರ್ ಮಾತ್ರ ಜನವರಿಗೇ ಇಡಿ. ಆಷಾಢದಲ್ಲಿ ಸಿಂಪಡಿಸಿದರೆ ದ್ರಾವಕ ಆರುವಾಗ ಮೈ ತಣ್ಣಗಾಗಿ, ನೀರಾವಿ ಕೂತು ಬಿಳಿ ಮಬ್ಬು ಕಟ್ಟುತ್ತದೆ.