ಯಾವ ನಾಸ್ಯೊಂ?

ಪೆನಾಲ್ಟಿ ಮುಗಿದು ಒಂದು ನಿಮಿಷವೂ ಆಗಿರಲಿಲ್ಲ. ಪಂದ್ಯ ಶುರುವಾದಾಗಿನಿಂದ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದವನು ಕೈ ತೆಗೆದ. ಅದೇ ಕೈಯಲ್ಲಿ ಟೀವಿ ಕಡೆ ತೋರಿಸಿ, ಗೋಲು ಹೊಡೆಯಲಾಗದೆ ತಲೆ ತಗ್ಗಿಸಿ ನಿಂತಿದ್ದ ಹುಡುಗನ ಬಗ್ಗೆ ಕೇಳಿದ, "ಅವನು ಯಾವ ನಾಸ್ಯೊಂ?"

ಯಾರೂ ಉತ್ತರ ಕೊಡಲಿಲ್ಲ. ಹಾಗಂತ ಯಾರೂ "ಅದ್ಯಾಕೆ ಈಗ" ಅಂತಲೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾಸ್ಯೊಂ ಅಂದರೆ ಕಿವಿಗೆ ದೇಶ ಅಂತ ಕೇಳಿಸುತ್ತದೆ. ಫ್ರೆಂಚಿನಲ್ಲಿ ಅರ್ಥ ಅದೇ. ಆದರೆ ಮಾರಿಷಸ್‌ನ ಕ್ರಿಯೋಲ್ ಮಾತಿನಲ್ಲಿ ಅದು ಬೇರೆ. ಹಿಂದೂನಾ, ತಮಿಳಾ, ಮರಾಠಿಯಾ, ಮುಸ್ಲಿಮಾ, ಕ್ರಿಯೋಲಾ (ಆಫ್ರಿಕಾ ಮೂಲದವರನ್ನೂ ಹಾಗೇ ಅನ್ನುತ್ತಾರೆ), ಚೀನಾದವನಾ ಅಂತ. ಇನ್ನೂ ಒಳಗೆ ಹೋದರೆ ಗ್ರಾಂ ನಾಸ್ಯೊಂ, ತಿ ನಾಸ್ಯೊಂ ಅಂತ ಮೇಲುಕೀಳೂ ಇದೆ. ನಮ್ಮ ಕಡೆ "ನೀವು ಯಾವ ಪೈಕಿ?" ಅಂತ ಮೆತ್ತಗೆ ಕೇಳುತ್ತಾರಲ್ಲ, ಅದೇ. ಒಂದು ದೇಶದಲ್ಲಿ ದೇಶ ಅನ್ನೋ ಪದವೇ ಜಾತಿ ಅನ್ನೋ ಅರ್ಥಕ್ಕೆ ಬಂದು ಕೂತಿದೆ. ಯಾರೋ ಕುಳಿತು ಯೋಚಿಸಿ ಮಾಡಿದ ತಮಾಷೆ ಅನ್ನಬೇಕು.

ನನಗೆ ಈ ಪ್ರಶ್ನೆಯ ಪರಿಚಯ ಆಗಿದ್ದು ಅದಕ್ಕೂ ಎರಡು ವರ್ಷದ ಹಿಂದೆ. ಮಾರಿಷಸ್‌ನ ಎಬೆನ್‌ನಲ್ಲಿ ಕೆಲಸ ಸಿಕ್ಕಿ, ರೋಸ್ ಹಿಲ್‌ನಲ್ಲಿ ಮನೆ ಮಾಡಿದ ಮೊದಲ ವಾರ. ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಮುದುಕರು ಮೋಟಾರ್ ಸೈಕಲ್ ಹಿಂದೆ ಗಾಜಿನ ಪೆಟ್ಟಿಗೆ ಕಟ್ಟಿಕೊಂಡು ದಾಲ್ ಪುರಿ ಮಾರುತ್ತಾರೆ. ದಾಲ್ ಪುರಿ ಅಂದರೆ ಬೆಲ್ಲ ಹಾಕದ ಬೇಳೆ ಒಬ್ಬಟ್ಟು ಅಂದುಕೊಳ್ಳಿ, ಅಷ್ಟೇ ಮೆತ್ತಗೆ, ಅಷ್ಟೇ ತೆಳ್ಳಗೆ. ಯಾವಾಗಲೂ ಎರಡನ್ನು ಒಂದರ ಮೇಲೊಂದು ಇಟ್ಟು, ಕಾಳಿನ ಪಲ್ಯ, ಟೊಮೆಟೊ ಗೊಜ್ಜು, ಹಸಿಮೆಣಸಿನ ಚಟ್ನಿ ಬಳಿದು, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಎಲ್ಲರೂ ಅವರನ್ನು ತೊಂತೊಂ ಅನ್ನುತ್ತಾರೆ, ಮಾವ ಅಂದ ಹಾಗೆ. ಅವರು ಸುತ್ತುತ್ತಲೇ ಕೇಳಿದರು, "ನಿಂದು ಯಾವ ನಾಸ್ಯೊಂ?"

"ಇಂಡಿಯಾ."

"ಅದು ಕಾಣಿಸುತ್ತೆ. ನಾಸ್ಯೊಂ ಯಾವುದು?"

"ಕನ್ನಡ."

ಕೈ ನಿಂತಿತು. "ಕನಾಡಾ? ನೋಡಿದರೆ ಹಾಗೆ ಕಾಣಲ್ವಲ್ಲ!"

ಅವತ್ತಿನಿಂದ ನಾನು ಅವರಿಗೆ ಮಿಸ್ಯೆ ಕನಾಡಾ. ಎಷ್ಟು ವಿವರಿಸಿದರೂ ಅವರ ಪಟ್ಟಿಯಲ್ಲಿ ನನಗೆ ಜಾಗ ಸಿಗಲಿಲ್ಲ. ಒಂದು ಸಲ ಮಾತ್ರ ತುಂಬಾ ಹತ್ತಿರ ಬಂದಿದ್ದರು. ವರ್ಷಕ್ಕೆ ಒಂದೆರಡು ದಿನ ಬಿಟ್ಟರೆ ರಜೆ ಹಾಕುವವರಲ್ಲ ಈ ತೊಂತೊಂ, ಯುಗಾದಿಗೆ ಹಾಕುತ್ತಾರೆ. (ಯುಗಾದಿ ಇಲ್ಲಿ ಸರ್ಕಾರಿ ರಜೆ, ಗೊತ್ತಾ? ನನಗೂ ಬಂದಮೇಲೆ ಗೊತ್ತಾಗಿದ್ದು.) ನಮ್ಮ ಮನೆಯಲ್ಲೂ ಯುಗಾದಿ ಮಾಡ್ತೀವಿ ಅಂದಾಗ ಕಣ್ಣು ಅರಳಿಸಿ "ಹಾಗಾದರೆ ನೀನೂ..." ಅಂದರು. ಅಲ್ಲ ಅಂದೆ. ಪಾಪ, ಸಪ್ಪಗಾದರು.

ಈಗ ಆಟದ ವಿಷಯ. ಇಂಡಿಯನ್ ಓಷನ್ ಐಲ್ಯಾಂಡ್ ಗೇಮ್ಸ್ ಅಂತ, ಹಿಂದೂ ಮಹಾಸಾಗರದ ದ್ವೀಪಗಳದ್ದೇ ಒಂದು ಪುಟ್ಟ ಒಲಿಂಪಿಕ್ಸ್. ಮಾರಿಷಸ್, ರಿಯೂನಿಯನ್, ಮಡಗಾಸ್ಕರ್, ಸೇಶೆಲ್ಸ್, ಕೊಮೊರೊಸ್, ಮಯೋಟ್, ಮಾಲ್ಡೀವ್ಸ್. 1979ರಲ್ಲಿ ರಿಯೂನಿಯನ್‌ನಲ್ಲಿ ಶುರುವಾಗಿದ್ದು, 2019ರದ್ದು ಹತ್ತನೆಯದು. ಕೊಮೊರೊಸ್‌ನಲ್ಲಿ ಆಗಬೇಕಿತ್ತು, ಅಲ್ಲಿ ಆಗಲಿಲ್ಲ, ಮಾರಿಷಸ್‌ಗೆ ಬಂತು. ಜುಲೈ 19ರಿಂದ 28ರವರೆಗೆ ಹತ್ತು ದಿನ. ನಿಜ ಹೇಳಬೇಕೆಂದರೆ ಮೊದಲ ದಿನ ನನಗೆ ಆಸಕ್ತಿಯೇ ಇರಲಿಲ್ಲ. ವರ್ಲ್ಡ್ ಕಪ್ ಸೆಮಿಫೈನಲ್‌ನಲ್ಲಿ ಧೋನಿ ರನೌಟ್ ಆಗಿ ಇನ್ನೂ ಹತ್ತು ದಿನ ಆಗಿರಲಿಲ್ಲ, ಆ ಸೂತಕದಲ್ಲೇ ಇದ್ದೆ.

ಆದರೆ ಊರು ಬಿಡಬೇಕಲ್ಲ. ಕಾರಿನ ಕನ್ನಡಿಗೆ, ಬಾಲ್ಕನಿಗೆ, ಮೀನಿನ ಅಂಗಡಿಯ ತಕ್ಕಡಿಗೆ, ಎಲ್ಲದಕ್ಕೂ ಕೆಂಪು ನೀಲಿ ಹಳದಿ ಹಸಿರು ಬಾವುಟ. ಸಿಕ್ಕಸಿಕ್ಕಲ್ಲಿ ಕ್ರುಯಿಂಕ್ ಅನ್ನೋ ಡೋಡೋ ಹಕ್ಕಿ, ಅದು ಆಟದ ಮ್ಯಾಸ್ಕಾಟ್. ಮನುಷ್ಯರೇ ಕೊಂದು ಮುಗಿಸಿದ ಹಕ್ಕಿಯನ್ನು ಹೀಗೆ ನಗಿಸಿ ನಿಲ್ಲಿಸುವುದಕ್ಕೂ ಒಂದು ಧೈರ್ಯ ಬೇಕು. ತೊಂತೊಂ ಕೂಡ ಗಾಜಿನ ಪೆಟ್ಟಿಗೆಗೆ ಬಾವುಟ ಸುತ್ತಿದ್ದರು. ಒಳಗಿನ ಹಬೆಗೆ ಅದು ಒದ್ದೆಯಾಗಿ ಗಾಜಿಗೆ ಅಂಟಿಕೊಂಡಿತ್ತು. ಪುರಿ ಎಷ್ಟು ಉಳಿದಿದೆ ಅಂತ ನೋಡಲು ಪ್ರತಿ ಸಲ ಹಳದಿ ಪಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಇಣುಕುತ್ತಿದ್ದರು.

ಉದ್ಘಾಟನೆ ಅಂಜಲೆ ಸ್ಟೇಡಿಯಂನಲ್ಲಿ. ಟಿಕೆಟ್ ಸಿಗದೆ ಟೀವಿಯಲ್ಲಿ ನೋಡಿದೆ. ಅಂಜಲೆ ಯಾರು ಅಂತ ಆಫೀಸಿನಲ್ಲಿ ಕೇಳಿದೆ. ಅಂಜಲೆ ಕೂಪೆನ್ ಅಂತ, ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸು. 1943ರ ಸೆಪ್ಟೆಂಬರ್‌ನಲ್ಲಿ ಬೆಲ್ ವ್ಯೂ ಹರೆಲ್‌ನಲ್ಲಿ ಕೂಲಿಯವರು ಮುಷ್ಕರ ಹೂಡಿದಾಗ ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಇವಳೂ ಒಬ್ಬಳು, ಬಸುರಿ. ಆ ಪ್ರದೇಶದಲ್ಲೇ ಈಗ ಸ್ಟೇಡಿಯಂ ಇದೆ. ಇಷ್ಟೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಅವತ್ತು ನನ್ನ ಪಕ್ಕದ ಮೇಜಿನವನು ಕೊಟ್ಟ ಮೊದಲ ಉತ್ತರ ಎರಡೇ ಪದದ್ದು: "ತಮಿಳು ಹೆಂಗಸು."

ಮಧ್ಯೆ ಒಂದು ದಿನ ಅರ್ಧ ರಜೆ ಹಾಕಿ ಬಾಂಬೂಗೆ ಹೋದೆ, ಅಥ್ಲೆಟಿಕ್ಸ್ ನೋಡಲು. ಜುಲೈ ಇಲ್ಲಿ ಚಳಿಗಾಲ. ಮೇಲೆ ಕ್ಯೂರ್‌ಪಿಪ್‌ನಲ್ಲಿ ಮಡಿಕೇರಿಯ ಹಾಗೆ ಜಿಟಿಜಿಟಿ ಮಳೆ, ಬಸ್ಸಿನಲ್ಲಿ ಕೆಳಗಿಳಿದು ಪಶ್ಚಿಮಕ್ಕೆ ಬಂದರೆ ಚುರುಗುಟ್ಟುವ ಬಿಸಿಲು. ನನ್ನ ಮುಂದೆ ಸೀರೆ ಉಟ್ಟ ಅಜ್ಜಿ, ಕೆನ್ನೆಗೆ ನಾಲ್ಕು ಬಣ್ಣ. ಅವರ ಪಕ್ಕ ಜಡೆ ಬಿಟ್ಟ ಕ್ರಿಯೋಲ್ ಹುಡುಗ. ಓಟದ ಕೊನೆಯ ತಿರುವಿನಲ್ಲಿ ನಮ್ಮ ಹುಡುಗಿ (ನೋಡಿ, "ನಮ್ಮ" ಅಂದುಬಿಟ್ಟೆ) ಹಿಂದಿನಿಂದ ಒಬ್ಬೊಬ್ಬರನ್ನೇ ದಾಟುತ್ತಾ ಬಂದಾಗ ಅಜ್ಜಿ ಎದ್ದು ನಿಂತು ಆ ಹುಡುಗನ ಜಡೆಯನ್ನೇ ಹಿಡಿದು ಜಗ್ಗತೊಡಗಿದರು. ಅವನು "ಅಲೆ ಮೊರಿಸ್, ಅಯ್ಯೋ ಅಜ್ಜಿ, ಅಲೆ ಮೊರಿಸ್" ಅಂತ ಕಿರುಚುತ್ತಿದ್ದ. (ಅಲೆ ಮೊರಿಸ್ ಅಂದರೆ ನಡಿ ಮಾರಿಷಸ್.) ಯಾರು ಗೆದ್ದರು ಅಂತ ನಾನು ನೋಡಲೇ ಇಲ್ಲ. ಅಜ್ಜಿಯ ಮುಷ್ಟಿ ನೋಡುತ್ತಿದ್ದೆ.

ಇದನ್ನು ತೊಂತೊಂಗೆ ಹೇಳಿದಾಗ ಅವರು 85ರ ಕಥೆ ತೆಗೆದರು. ಐವತ್ತು ದಾಟಿದ ಯಾರನ್ನು ಕೇಳಿದರೂ ಇಲ್ಲಿ 85ರ ಕಥೆ ಇದೆ. 1985ರಲ್ಲಿ ಈ ಆಟ ಮೊದಲ ಸಲ ಮಾರಿಷಸ್‌ನಲ್ಲಿ ಆದಾಗ ಫುಟ್‌ಬಾಲ್ ಚಿನ್ನ ಇವರದ್ದಾಗಿತ್ತು. ಸ್ವಾತಂತ್ರ್ಯ ಬಂದಿದ್ದು 1968ರಲ್ಲಿ, ಆದರೆ ನಾವೆಲ್ಲ ಒಂದು ಅನ್ನಿಸಿದ್ದು ಆಗಲೇ ಅನ್ನುತ್ತಾರೆ. ಅದಕ್ಕೆ ಮೊದಲು ಫುಟ್‌ಬಾಲ್ ಕ್ಲಬ್ಬುಗಳ ಹೆಸರು ಕೇಳಬೇಕು ನೀವು: ಹಿಂದೂ ಕೆಡೆಟ್ಸ್, ಮುಸ್ಲಿಂ ಸ್ಕೌಟ್ಸ್, ತಮಿಳ್ ಕೆಡೆಟ್ಸ್. ಬಿಳಿಯರದ್ದು ಡೋಡೋ ಕ್ಲಬ್. ಮುಚ್ಚುಮರೆಯೇ ಇಲ್ಲ. ಆಮೇಲೆ ಹೆಸರು ಬದಲಾಯಿಸಿದರು, ಹೆಸರು ಮಾತ್ರ. 1999ರ ಮೇ 23ರಂದು ಸ್ಕೌಟ್ಸ್ ಕ್ಲಬ್ಬಿಗೂ (ಮೊದಲಿನ ಮುಸ್ಲಿಂ ಸ್ಕೌಟ್ಸ್) ಫೈರ್ ಬ್ರಿಗೇಡ್ ಅನ್ನೋ ಕ್ಲಬ್ಬಿಗೂ ಪಂದ್ಯ ಆದ ರಾತ್ರಿ ಪೋರ್ಟ್ ಲೂಯಿಯ ಲಾಮಿಕಾಲ್ ಅನ್ನೋ ಜೂಜಿನ ಮನೆಗೆ ಬೆಂಕಿ ಇಟ್ಟರು. ಏಳು ಜನ ಸತ್ತರು, ಮಕ್ಕಳೂ ಇದ್ದರು. ಅದನ್ನು ಹೇಳುವಾಗ ತೊಂತೊಂ ಪುರಿ ಸುತ್ತುವುದನ್ನು ನಿಲ್ಲಿಸಲಿಲ್ಲ, ದನಿ ಮಾತ್ರ ತಗ್ಗಿಸಿದರು. ಪಕ್ಕದಲ್ಲಿ ಗಿರಾಕಿ ಇದ್ದ.

ಹಾಗಾಗಿ ಫುಟ್‌ಬಾಲ್ ಫೈನಲ್ ಅಂದರೆ ಇಲ್ಲಿ ಬರೀ ಫೈನಲ್ ಅಲ್ಲ. ಮಾರಿಷಸ್ ಎದುರು ರಿಯೂನಿಯನ್. ನಾವು ನೋಡಿದ್ದು ಬೀದಿಯ ತಬಾಜಿಯಲ್ಲಿ. ತಬಾಜಿ ಅಂದರೆ ನಮ್ಮ ಮೂಲೆ ಅಂಗಡಿಯ ಹಾಗೆ, ಸಿಗರೇಟು, ಬ್ರೆಡ್ಡು, ಬಿಯರು ಎಲ್ಲ ಸಿಗುತ್ತೆ. ಫ್ರಿಜ್ ಮೇಲೆ ಟೀವಿ. ಎಂಟು ಜನ ಹಿಡಿಸುವ ಜಾಗದಲ್ಲಿ ಮೂವತ್ತು ಜನ. ಕಾಗದದ ಮೇಲೆ ಗಾತೊ ಪಿಮಾಂ, ಥೇಟ್ ನಮ್ಮ ಕಡಲೆಬೇಳೆ ವಡೆ, ಗೋಲಿ ಗಾತ್ರದ್ದು. ನನ್ನ ಹೆಗಲ ಮೇಲೆ ಕೈ ಹಾಕಿದವನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಬೀದಿಯವನೇ. ಎಲ್ಲ ಗೊತ್ತಿರುವವನು. ಅಂಗಡಿಯಲ್ಲಿ ಸಾಲ ತೀರಿಸಿದ್ದನ್ನು ಯಾರೂ ನೋಡಿಲ್ಲ. ಆದರೆ ಚಂಡಮಾರುತದ ಎಚ್ಚರಿಕೆ ಬಂದಾಗ ನನ್ನ ಕಿಟಕಿಗೆ ಹಲಗೆ ಹೊಡೆದು ಕೊಟ್ಟವನೂ ಅವನೇ, ಕೇಳದೆಯೇ ಬಂದು. ಕೆಟ್ಟವನಲ್ಲ. ಅವನು ಕೆಟ್ಟವನಾಗಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ, ಅದೇ ತೊಂದರೆ.

ಪೆನಾಲ್ಟಿಗೆ ಬಂದಾಗ ಎಲ್ಲರೂ ಒಬ್ಬರಿಗೊಬ್ಬರು ಹೆಗಲಿಗೆ ಹೆಗಲು ಹಿಡಿದು ನಿಂತೆವು, ಮೈದಾನದಲ್ಲಿ ಆಟಗಾರರು ನಿಲ್ಲುತ್ತಾರಲ್ಲ ಹಾಗೆ. ನನ್ನ ಎಡಕ್ಕೆ ಅಂಗಡಿಯ ಚೀನೀ ಯಜಮಾನ. ಒಂದೊಂದು ಚೆಂಡಿಗೂ "ನೂ" ಅನ್ನುತ್ತಿದ್ದರು. ನೂ ಅಂದರೆ ನಾವು. ನಾವು ಹೊಡೆದೆವು, ನಾವು ತಡೆದೆವು, ಇನ್ನೊಂದು ನಮಗೆ. ಆಮೇಲೆ ಒಂದು ಚೆಂಡು ಒಳಗೆ ಹೋಗಲಿಲ್ಲ, ಪಂದ್ಯ ಮುಗಿಯಿತು. ಹೆಗಲ ಮೇಲಿನ ಕೈ ಹೋಯಿತು. ಆ ಕೈ ಇದ್ದ ಜಾಗ ಬೆವರಿ ಒದ್ದೆಯಾಗಿತ್ತು, ಗಾಳಿಗೆ ತಣ್ಣಗಾಯಿತು. ಆಗ ಬಂತು ಪ್ರಶ್ನೆ. ಗೆದ್ದಿದ್ದರೆ ಆ ಹುಡುಗನಿಗೆ ನಾಸ್ಯೊಂ ಇರುತ್ತಿರಲಿಲ್ಲ. ಸೋತ ಕೂಡಲೇ ಅವನು "ನಾವು" ಅಲ್ಲ, "ಅವನು" ಆಗಿಬಿಟ್ಟ.

ಮಾರನೇ ಬೆಳಿಗ್ಗೆ ತೊಂತೊಂಗೆ ಹೇಳಿದೆ.

"ಕೇಳಿದನಾ? ಎಷ್ಟು ಹೊತ್ತಿಗೆ?"

"ಒಂದು ನಿಮಿಷದೊಳಗೆ."

ಅವರು ಹಳದಿ ಪಟ್ಟೆ ಎತ್ತಿ ಒಳಗೆ ನೋಡಿದರು. "85ರಲ್ಲಿ ಎರಡು ವಾರವಾದರೂ ಬೇಕಾಗಿತ್ತು" ಅಂದರು.

ನಾನು ಜೋರಾಗಿ ನಕ್ಕೆ. ಆಫೀಸಿಗೆ ಹೋಗುವ ದಾರಿಯಲ್ಲಿ ನಗು ನಿಂತಿತು.

ಇಲ್ಲಿ ಇದು ಬರೀ ಬಾಯಿಮಾತೂ ಅಲ್ಲ. ಆಗ ಚುನಾವಣೆ ಹತ್ತಿರ ಬರುತ್ತಿತ್ತು. ಅಭ್ಯರ್ಥಿ ತಾನು ಹಿಂದೂನಾ, ಮುಸ್ಲಿಮಾ, ಚೀನೀ ಮೂಲದವನಾ, ಇಲ್ಲಾ ಈ ಮೂರೂ ಅಲ್ಲದ "ಜನರಲ್ ಪಾಪ್ಯುಲೇಷನ್"ಗೆ ಸೇರಿದವನಾ ಅಂತ ಅರ್ಜಿಯಲ್ಲಿ ಬರೆಯಬೇಕು ಅನ್ನೋದು ನಿಯಮ. 62 ಜನ ಗೆದ್ದ ಮೇಲೆ, ಕಡಿಮೆ ಸೀಟು ಸಿಕ್ಕ ಸಮುದಾಯದ ಸೋತವರಲ್ಲಿ ಚೆನ್ನಾಗಿ ಸೋತವರಿಗೆ ಎಂಟು ಸೀಟಿನವರೆಗೆ ಕೊಡುತ್ತಾರೆ. ಲೆಕ್ಕಕ್ಕೆ ಹಿಡಿಯುವುದು 1972ರ ಜನಗಣತಿ, ಯಾಕೆಂದರೆ ಆಮೇಲೆ ಆ ಪ್ರಶ್ನೆಯನ್ನು ಕೇಳುವುದನ್ನೇ ಬಿಟ್ಟರು. ಸಣ್ಣ ಸಮುದಾಯಗಳಿಗೆ ಅನ್ಯಾಯ ಆಗಬಾರದು ಅಂತಲೇ ಮಾಡಿದ್ದು, ಸುಮ್ನೆ ಹೊರಗಿನವನು ಬಂದು ನಗುವುದು ಸುಲಭ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ನನ್ನನ್ನು ಏನೇನು ಕೇಳಿದ್ದರು? "ಯಾವ ಊರು?" ಆಮೇಲೆ "ವೆಜ್ಜಾ?" ಆಮೇಲೆ "ಮನೆದೇವರು ಯಾವುದು?" ಮೂರು ಪ್ರಶ್ನೆಯಲ್ಲಿ ಕೆಲಸ ಮುಗಿಯುತ್ತಿತ್ತು. ತೊಂತೊಂ ಒಂದೇ ಪ್ರಶ್ನೆ ಕೇಳಿದ್ದರು, ಅದೂ ಮುಖ ನೋಡಿಕೊಂಡು. ಯಾವುದು ವಾಸಿ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಭಾನುವಾರ ಆಟ ಮುಗಿಯಿತು. 92 ಚಿನ್ನ, ಮಾರಿಷಸ್‌ಗೇ ಮೊದಲ ಸ್ಥಾನ. ರಾತ್ರಿಯೆಲ್ಲ ಹಾರ್ನ್. ಆಮೇಲೊಂದು ಬೆಳಿಗ್ಗೆ ತೊಂತೊಂ ಗಾಡಿಯಲ್ಲಿ ಬಾವುಟ ಇರಲಿಲ್ಲ. ಎಲ್ಲಿ ಅಂದೆ. ಒಗೆಯಲು ಹಾಕಿದ್ದೇನೆ, ಎಣ್ಣೆ ಹಿಡಿದುಬಿಟ್ಟಿದೆ ಅಂದರು. ಎರಡು ಪುರಿಗೆ ಹೇಳಿದ್ದೆ, ನಾಲ್ಕು ಸುತ್ತಿದರು. "ಕನಾಡಾದ ಲೆಕ್ಕಕ್ಕೆ" ಅಂದರು.

ಸಂಜೆ ಮುಳಬಾಗಿಲಿಗೆ ಫೋನ್ ಮಾಡಿದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅಜ್ಜಿ ಜಡೆ ಜಗ್ಗಿದ್ದು, ಪೆನಾಲ್ಟಿ, ಒಂದು ನಿಮಿಷ, ಎರಡು ವಾರ, ಎಣ್ಣೆ ಹಿಡಿದ ಬಾವುಟ. ಅಪ್ಪ ತುಂಬಾ ಇಷ್ಟಪಟ್ಟು ಕೇಳಿದರು.

"ಪರವಾಗಿಲ್ವೇ, ಒಳ್ಳೇ ಮನುಷ್ಯ ಆ ಒಬ್ಬಟ್ಟಿನಾತ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಯಾವ ಪೈಕಿ?"

ನನಗೆ ನಗು ಬಂತು. ಆದರೆ ನಗುವಷ್ಟರಲ್ಲಿ ಬಾಯಿಂದ ಉತ್ತರ ಬಂದುಬಿಟ್ಟಿತ್ತು.

"ತೆಲುಗಿನವರು, ಅಪ್ಪ."

"ಹಂಗಾದ್ರೆ ನಮ್ ಕಡೆಯೋರೇ ಬಿಡು" ಅಂದರು.